ಗರಸು ರಸ್ತೆ ಸೈಕ್ಲಿಂಗ್

ಗರಸು ರಸ್ತೆ ಸೈಕ್ಲಿಂಗ್: ಡಾಂಬರಿಲ್ಲದ ಗರಸು, ಜಲ್ಲಿ ಹಾಗೂ ಮಣ್ಣಿನ ಹಾದಿಗಳಲ್ಲಿ ದೂರ ಕ್ರಮಿಸುವ ಸೈಕಲ್ ಕ್ರೀಡೆ, ಗ್ರಾವೆಲ್ ಬೈಕಿಂಗ್. ಇದು ರಸ್ತೆ ಸೈಕ್ಲಿಂಗ್ ಮತ್ತು ಗುಡ್ಡಗಾಡು ಸೈಕ್ಲಿಂಗ್‌ಗಳ ನಡುವಿನ ಪ್ರಕಾರ. ಅಮೆರಿಕದ ಕ್ಯಾನ್ಸಸ್‌ನಲ್ಲಿ 2006ರಲ್ಲಿ ಆರಂಭವಾದ ಸ್ಪರ್ಧೆ ಇದರ ಜನಪ್ರಿಯತೆಗೆ ನೆರವಾಯಿತು. ಮೊದಲ ವಿಶ್ವ ಚಾಂಪಿಯನ್‌ಷಿಪ್ 2022ರಲ್ಲಿ ಇಟಲಿಯಲ್ಲಿ ನಡೆಯಿತು. ಸೈಕಲ್ಲಿಗೆ ಕೆಳಬಾಗಿದ ಹ್ಯಾಂಡಲ್, ಡಿಸ್ಕ್ ಬ್ರೇಕ್, ಏರಿಗೆ ಒದಗುವ ಹಗುರ ಗಿಯರ್, ಸುಮಾರು 35–50 ಮಿ.ಮೀ. ಅಗಲದ ಟೈರುಗಳಿರುತ್ತವೆ. ಟೈರಿಗೆ ಗಾಳಿ ಕಡಿಮೆ ತುಂಬುವುದರಿಂದ ಸಡಿಲ ನೆಲದಲ್ಲಿ ಹಿಡಿತ ಹೆಚ್ಚುತ್ತದೆ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯಲ್ಲಿ ಇಂಥ ಹಾದಿಗಳ ನೆಲ ಎರಡು ಬಗೆಯದು. ನಿಪ್ಪಾಣಿ ಬಳಿಯ ತವಂದಿ ಘಾಟ್, ಸ್ತವನಿಧಿ ಸುತ್ತಿನ ಗುಡ್ಡಗಳಲ್ಲಿ ಬಸಾಲ್ಟ್ ಶಿಲೆ ಸವೆದು ಗರಸಾಗಿದೆ. ನೀರು ಬೇಗ ಬಸಿದು ಹಾದಿ ಗಟ್ಟಿಯಾಗಿ ಉಳಿಯುತ್ತದೆ. ಕೃಷ್ಣಾ ದಂಡೆಯ ಯಡೂರು, ಕಲ್ಲೋಳ ಕಡೆ ಎರೆಮಣ್ಣಿನ ಹೊಲದಾರಿಗಳಿವೆ. ಹಸಿಯಾದಾಗ ಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಒಣಗಿದಾಗ ಕಬ್ಬಿನ ಗಾಡಿಗಳ ಜಾಡು ಆಳದ ಗೆರೆಯಾಗಿ ಬಿರುಸಾಗುತ್ತದೆ. ನೆರೆ ಬಂದಾಗ ಕಲ್ಲೋಳ–ಯಡೂರು ಬಾಂದಾರ ಮುಳುಗಿ ಸಂಪರ್ಕ ಕಡಿಯುತ್ತದೆ. ಆದ್ದರಿಂದ ಮಳೆಗಾಲದ ನಂತರದ ತಿಂಗಳುಗಳು ಸವಾರಿಗೆ ಅನುಕೂಲ.

ಕರ್ನಾಟಕದಲ್ಲಿ ಮಣ್ಣುಹಾದಿಯ ಸ್ಪರ್ಧೆಗಳು ಮುಖ್ಯವಾಗಿ ಗುಡ್ಡಗಾಡು ಸೈಕ್ಲಿಂಗ್ ರೂಪದಲ್ಲಿವೆ. 2021ರ ಫೆಬ್ರುವರಿಯಲ್ಲಿ ಗದಗ ಬಳಿಯ ಬಿಂಕದಕಟ್ಟಿಯಲ್ಲಿ ಅದರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು.