ವಿಕ್ಟೋರಿಯಾ ಗೌರಮ್ಮ

ವಿಕ್ಟೋರಿಯಾ ಗೌರಮ್ಮ (1841–1864): ಕೊಡಗಿನ ಕೊನೆಯ ಅರಸ ಚಿಕ್ಕ ವೀರರಾಜೇಂದ್ರನ ಮಗಳು, ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಧರ್ಮಪುತ್ರಿ. ಹಾಲೇರಿ ಅರಸು ಮನೆತನ ಲಿಂಗಾಯತ ಮೂಲದ್ದು. ಗೌರಮ್ಮನನ್ನು ಕೊಡವ ರಾಜಕುಮಾರಿ ಎಂದು ಬರೆಯುವುದುಂಟು, ಅದು ಸರಿಯಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಮಡಿಕೇರಿಯನ್ನು ಹಿಡಿದು ಅರಸನನ್ನು ಪಟ್ಟದಿಂದ ಇಳಿಸಿತು; ಮೊದಲು ವೆಲ್ಲೂರಿಗೆ, ಆಮೇಲೆ ಕಾಶಿಗೆ ಸಾಗಹಾಕಿತು. ಗೌರಮ್ಮ ಹುಟ್ಟಿದ್ದು ಕಾಶಿಯಲ್ಲೇ. ಕೊಡಗಿನ ನೆಲವನ್ನು ಅವಳು ತುಳಿಯಲೇ ಇಲ್ಲ.

ರಾಜ್ಯ ಕಳೆದುಕೊಂಡ ಅರಸನ ಬಳಿ ಉಳಿದಿದ್ದು ಮನೆತನದ ಹೆಸರು, ಒಂದಷ್ಟು ಒಡವೆ, ಹೆಣ್ಣುಮಕ್ಕಳು. ಯುರೋಪ್ ಪ್ರವಾಸ ಮುಗಿಸಿ ಮರಳುತ್ತಿದ್ದ ನೇಪಾಳದ ಪ್ರಧಾನಿ ಜಂಗ್ ಬಹಾದ್ದೂರ್ ರಾಣಾನಿಗೆ 1850ರಲ್ಲಿ ಕಾಶಿಯಲ್ಲಿ ಒಬ್ಬ ಮಗಳನ್ನು ಕೊಟ್ಟು ಮದುವೆ ಮಾಡಿದ. ಗೌರಮ್ಮನನ್ನು 1852ರಲ್ಲಿ ಲಂಡನ್ನಿಗೆ ಕರೆದೊಯ್ದ. ಮಗಳಿಗೆ ಕ್ರೈಸ್ತ ಶಿಕ್ಷಣ ಕೊಡಿಸುವುದಾಗಿ ಹೇಳಿ ಹೊರಟಿದ್ದರೂ, ತನ್ನ ದೊಡ್ಡಪ್ಪ ದೊಡ್ಡ ವೀರರಾಜೇಂದ್ರ ಕಂಪನಿಯಲ್ಲಿ ತೊಡಗಿಸಿದ್ದ ಹಣವನ್ನು ದಾವೆ ಹೂಡಿ ಪಡೆಯಬೇಕೆಂಬುದು ಅವನ ದೊಡ್ಡ ಆಸೆಯಾಗಿತ್ತು. ಮಗಳು ಅರಮನೆಯ ಕೃಪೆಗೆ ಪಾತ್ರಳಾದಳು. ಹಣ ಮಾತ್ರ ಅವನ ಕೈಸೇರಲಿಲ್ಲ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ.

ಲಂಡನ್ನಿಗೆ ಬಂದ ವರ್ಷವೇ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಗೌರಮ್ಮನಿಗೆ ದೀಕ್ಷಾಸ್ನಾನ ಮಾಡಿಸಿದರು. ಧರ್ಮಮಾತೆಯಾಗಿ ನಿಂತ ರಾಣಿ ತನ್ನ ಹೆಸರನ್ನೇ ಕೊಟ್ಟಳು. ಅದೇ ವರ್ಷ ಆಸ್ಥಾನ ಚಿತ್ರಕಾರ ವಿಂಟರ್‌ಹಾಲ್ಟರ್ ಬರೆದ ಭಾವಚಿತ್ರದಲ್ಲಿ ಹುಡುಗಿ ಭಾರತದ ಉಡುಗೆಯಲ್ಲಿ, ಕೈಯಲ್ಲಿ ಬೈಬಲ್ ಹಿಡಿದು ನಿಂತಿದ್ದಾಳೆ. ಅವಳಿಂದ ಆಸ್ಥಾನ ಬಯಸಿದ್ದೆಲ್ಲ ಆ ಒಂದು ಚಿತ್ರದಲ್ಲಿದೆ: ನೋಟಕ್ಕೆ ರಾಜಕುಮಾರಿ, ನಡತೆಗೆ ಕ್ರೈಸ್ತ ಮಗಳು. ಅವಳನ್ನು ಬೆಳೆಸುವ ಹೊಣೆ ಪೋಷಕರ ಪಾಲಾಯಿತು. ಇನ್ನೂ ಹನ್ನೆರಡು ತುಂಬದ ಮಗುವನ್ನು ಹೀಗೆ ತಂದೆಯ ಮನೆಯಿಂದ ಬೇರ್ಪಡಿಸಿದ್ದನ್ನು ಬಡ್ತಿಯೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಅವಳ ಮದುವೆಯ ಯೋಚನೆಯೂ ಮೊದಲು ಅರಮನೆಯದೇ. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್ 1853ರಲ್ಲಿ ಕ್ರೈಸ್ತನಾಗಿ, ಮರುವರ್ಷ ಇಂಗ್ಲೆಂಡಿಗೆ ಬಂದಿದ್ದ. ರಾಜ್ಯವಿಲ್ಲದ ಅರಸ, ರಾಜ್ಯವಿಲ್ಲದ ಅರಸುಕುವರಿ, ಇಬ್ಬರೂ ಕ್ರೈಸ್ತರು: ರಾಣಿಯ ಕಣ್ಣಿಗೆ ಜೋಡಿ ಹೇಳಿ ಮಾಡಿಸಿದಂತಿತ್ತು. ದುಲೀಪ್ ಅವಳೊಡನೆ ಸ್ನೇಹವಾಗಿದ್ದ, ಆದರೆ ಮದುವೆಗೆ ಒಪ್ಪಲಿಲ್ಲ. ಮುಂದೆ 1864ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಅವನು ಕೈಹಿಡಿದ ಬಾಂಬಾ ಮುಲ್ಲರ್ ಕೈರೋದ ಮಿಷನ್ ಶಾಲೆಯಲ್ಲಿ ಬೆಳೆದವಳು. ಜರ್ಮನ್ ವ್ಯಾಪಾರಿಯೊಬ್ಬನಿಗೆ ಇಥಿಯೋಪಿಯಾ ಮೂಲದ ಹೆಣ್ಣಿನಲ್ಲಿ, ಮದುವೆಯ ಹೊರಗೆ ಹುಟ್ಟಿದವಳು. ಅಂತಸ್ತು ನೋಡದೆ ಹೆಣ್ಣು ಆರಿಸಿಕೊಳ್ಳುವ ಸ್ವಾತಂತ್ರ್ಯ ದುಲೀಪನಿಗಿತ್ತು. ಅಷ್ಟು ಸಲುಗೆ ಗೌರಮ್ಮನಿಗೆ ಯಾರೂ ಕೊಡಲಿಲ್ಲ.

ತನ್ನ ಮದುವೆಗೆ ಮುಂಚೆ ಗೌರಮ್ಮ ದುಲೀಪನ ಹಿಂದಿನ ಪೋಷಕ ಸರ್ ಜಾನ್ ಲಾಗಿನ್ ದಂಪತಿಯ ಆಶ್ರಯದಲ್ಲಿದ್ದಳು. ಲೇಡಿ ಲಾಗಿನ್‌ಳ ಸಹೋದರ ಲೆಫ್ಟಿನೆಂಟ್ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಹೆಂಡತಿ ಸತ್ತವನು, ಗೌರಮ್ಮನಿಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನು. 1860ರಲ್ಲಿ ಇವರ ಮದುವೆಯಾಯಿತು. ಹುಟ್ಟಿನ ಲೆಕ್ಕದಲ್ಲಿ ಅವಳು ಮೇಲು, ಬಿಳಿಯರ ಲೆಕ್ಕದಲ್ಲಿ ಅವನು ಮೇಲು. ಸಾಧಾರಣ ಸೈನ್ಯಾಧಿಕಾರಿಗೆ ಇದರಿಂದ ಅರಮನೆಯ ನಂಟು ಬಂತು, ಮನೆಗೆ ಒಡವೆ ಬಂತು. ಹಂಗಿನ ಮನೆಯಿಂದ ಹೊರಬಿದ್ದು ತನ್ನದೇ ಸಂಸಾರ ಹೂಡಲು ಅವಳಿಗೆ ತೆರೆದಿದ್ದ ಗೌರವದ ದಾರಿ ಮದುವೆಯೊಂದೇ. ಆ ನಿರ್ಧಾರವನ್ನು ಹಗುರವಾಗಿ ಕಾಣುವುದು ಅನ್ಯಾಯ.

1861ರಲ್ಲಿ ಮಗಳು ಎಡಿತ್ ವಿಕ್ಟೋರಿಯಾ ಗೌರಮ್ಮ ಹುಟ್ಟಿದಳು. ತಾಯಿ ಕ್ಷಯದಿಂದ 1864ರಲ್ಲಿ ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಮುಂದೆ ಕೆಲವೇ ವರ್ಷಗಳಲ್ಲಿ ಕ್ಯಾಂಪ್‌ಬೆಲ್ ಹೆಂಡತಿಯ ಒಡವೆಗಳ ಸಮೇತ ಕಣ್ಮರೆಯಾದನೆನ್ನಲಾಗಿದೆ.

ಈ ಮನೆತನದ ಪತನವನ್ನು ಕನ್ನಡ ಓದುಗರ ಮನಸ್ಸಿನಲ್ಲಿ ನಿಲ್ಲಿಸಿದ್ದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಕಾದಂಬರಿ ‘ಚಿಕವೀರ ರಾಜೇಂದ್ರ’ (1956). ಗೌರಮ್ಮನ ಬದುಕನ್ನೇ ಕುರಿತು ಕೊಡಗಿನ ಲೇಖಕ ಸಿ. ಪಿ. ಬೆಳ್ಳಿಯಪ್ಪ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 2010ರಲ್ಲಿ ಪ್ರಕಟವಾಯಿತು.