ಇದ್ದ ಅಡಿಪಾಯದ ಮೇಲೆ ಎದ್ದ ಮನೆ

ಪರಊರಿನಲ್ಲಿರುವ ನಮಗೆ ಇಂದು ಊರಿನವರ ಮುಖ ತೋರಿಸುವುದು ಮೊಬೈಲು. ನಮ್ಮಲ್ಲಿ ಬಹುಮಂದಿಯ ಮೊಬೈಲನ್ನು ನಡೆಸುವ ಆಂಡ್ರಾಯ್ಡ್ ವ್ಯವಸ್ಥೆಯನ್ನು ಯಾರೂ ಬುನಾದಿಯಿಂದ ಕಟ್ಟಲಿಲ್ಲ. ಹಿಂದಿನವರ ಟಿಪ್ಪಣಿಯ ಮೇಲೆ ನಾವು ಕಡತ ಮುಂದುವರಿಸುವಂತೆಯೇ ಅದೂ ಬೆಳೆಯಿತು.

ಯಂತ್ರದ ಸ್ಮೃತಿಯನ್ನೂ ಸಮಯವನ್ನೂ ಹಂಚಿಕೊಡುವ ತಿರುಳಿಗೆ ಕರ್ನೆಲ್ ಎಂದು ಹೆಸರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲನ್ನು ಬರೆದು ಲೋಕದ ಮುಂದಿಟ್ಟರು. ಮರುವರ್ಷದಿಂದ ಅದಕ್ಕೊಂದು ಷರತ್ತು: ಯಾರೂ ಬಳಸಬಹುದು, ಆದರೆ ತಿದ್ದಿ ಹಂಚಿದವರು ತಿದ್ದುಪಡಿಯನ್ನೂ ತೆರೆದಿಡಬೇಕು. 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ 2005ರಲ್ಲಿ ಗೂಗಲ್ ಕೈಸೇರಿದ ಆಂಡ್ರಾಯ್ಡ್ ನಿಂತಿರುವುದು ಈ ತಿರುಳಿನ ಮೇಲೆ.

ಅದರ ಮೇಲಿನದು ವರ್ಚುಯಲ್ ಮೆಷಿನ್. ಫೋನಿನ ಚಿಪ್ ಯಾವುದಾದರೂ ಒಂದೇ ಪ್ರೋಗ್ರಾಮು ನಡೆಯಲೆಂದು ನಡುವೆ ನಿಂತ ದುಭಾಷಿ ಅದು. ಈ ಉಪಾಯವನ್ನು 1995ರಲ್ಲಿ ಹೊರಬಂದ ಜಾವಾ ಜನಪ್ರಿಯಗೊಳಿಸಿತ್ತು. ಡಾನ್ ಬೋರ್ನ್‌ಸ್ಟೀನ್ ಕಡಿಮೆ ಸ್ಮೃತಿಯ ಫೋನಿಗೆ ಒಗ್ಗುವಂಥದನ್ನು ರಚಿಸಿ, ಐಸ್‌ಲೆಂಡಿನ ಮೀನುಗಾರರ ಊರಾದ ಡಾಲ್ವಿಕ್‌ನ ಹೆಸರನ್ನಿಟ್ಟರು. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂತು.

ಲಿನಕ್ಸಿನ ಷರತ್ತು ಸ್ಪಷ್ಟವಿತ್ತು. ಜಾವಾದ ವಿಷಯ ಹಾಗಿರಲಿಲ್ಲ. ಅದರ ಒಡೆತನ ಪಡೆದ ಒರಾಕಲ್ ಸಂಸ್ಥೆ, ನಕಲಾದ ಸುಮಾರು 11,500 ಸಾಲುಗಳಿಗಾಗಿ 2010ರಲ್ಲಿ ದಾವೆ ಹೂಡಿತು. 2021ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅದನ್ನು ನ್ಯಾಯೋಚಿತ ಬಳಕೆಯೆಂದಿತು. ಡಾಲ್ವಿಕ್ ಅಷ್ಟರಲ್ಲಾಗಲೇ, 2014ರಲ್ಲಿ, ಎಆರ್‌ಟಿ ಎಂಬುದಕ್ಕೆ ಸ್ಥಾನ ಬಿಟ್ಟುಕೊಟ್ಟಿತ್ತು.

2012ರ 4.1ನೆಯ ಆವೃತ್ತಿಯಲ್ಲಿ ಕನ್ನಡಕ್ಕೂ ಎಡೆ ದೊರೆಯಿತು. ಇತರರು ಹಾಕಿದ ಅಡಿಪಾಯದ ಮೇಲೆ ಮನೆ ಕಟ್ಟುವುದು ತಪ್ಪಲ್ಲ. ಯಾವ ಕರಾರಿನ ಮೇಲೆ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳದಿದ್ದರೆ ವ್ಯಾಜ್ಯ ಹನ್ನೊಂದು ವರ್ಷ ನಡೆದೀತು.