ಕೋಲಾರದ ಗಣಿಗಳ ಆಳವೂ ಅದರ ವಿನಿಯೋಗವೂ

ಕೋಲಾರದ ಗಣಿಗಳೆಂದೊಡನೆ ಜನರ ನೆನಪಿಗೆ ಬರುವುದು ಚಿನ್ನವೇ ಹೊರತು ಆಳವಲ್ಲ. ಆದರೆ ಚಿನ್ನವು ಅಗೆದಷ್ಟೂ ಕ್ಷಯಿಸುವ ವಸ್ತು. ಆಳವು ಅಗೆದಷ್ಟೂ ಬೆಳೆಯುವುದು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಈ ಕಾರ್ಯಕ್ಕೆ ಕೈಯಿಕ್ಕಿದರು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಅಲ್ಲಿಗೆ ಬಂದಿತು. ಕಾಲಕ್ರಮದಲ್ಲಿ ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದು, ಪ್ರಪಂಚದ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತು. ಅಲ್ಲಿನ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಮೇಲಣ ನೆಲದ ಭಾರಕ್ಕೆ ಬಂಡೆಯು ಒಮ್ಮಿಂದೊಮ್ಮೆ ಸಿಡಿದು ಕೆಲಸಗಾರರನ್ನು ಆಹುತಿ ತೆಗೆದುಕೊಂಡುದೂ ಉಂಟು. ಆ ಆಳಕ್ಕೆ ತೆತ್ತ ಬೆಲೆ ಅಲ್ಪವಲ್ಲ.

ಈ ಆಳಕ್ಕೆ ಬೇರೊಂದು ಪ್ರಯೋಜನವಿದೆಯೆಂಬುದನ್ನು ಮೊದಲು ಕಂಡವರು ಭೌತಶಾಸ್ತ್ರಜ್ಞರು. ಆಕಾಶದಿಂದ ಎಡೆಬಿಡದೆ ಸುರಿಯುವ ವಿಶ್ವಕಿರಣಗಳನ್ನು ಬಂಡೆಯು ಸೋಸುತ್ತದೆ. ಕೆಳಗಿಳಿದಷ್ಟೂ ನಿಶ್ಶಬ್ದ ಹೆಚ್ಚು. ಹೋಮಿ ಭಾಭಾ ಅವರ ಪ್ರೇರಣೆಯಿಂದ ತರುಣ ವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಉಪಕರಣಗಳೊಡನೆ ಇಲ್ಲಿ ಇಳಿದರು. ಮುಂದೆ ಸುಮಾರು 2,700 ಮೀಟರು ಆಳದಲ್ಲಿ ಎರಡು ತಿಂಗಳು ಕಾದು ಕುಳಿತಾಗ ಮ್ಯುವಾನ್ ಎಂಬ ಕಣ ಒಂದೂ ಸಿಕ್ಕಲಿಲ್ಲ. ಬೇರೆಯವರು ಇದನ್ನು ನಿಷ್ಫಲ ಪ್ರಯೋಗವೆನ್ನುತ್ತಿದ್ದರು. ಇವರಾದರೋ, ಇಷ್ಟು ನೀರವವಾದ ತಾಣದಲ್ಲಿ ನ್ಯೂಟ್ರಿನೊವನ್ನೇ ಹಿಡಿಯಬಹುದೆಂದು ಬಗೆದರು. ನ್ಯೂಟ್ರಿನೊ ಭೂಗೋಲವನ್ನೇ ತೂರಿಹೋಗುವ ಕಣ. ಸಾವಿರ ಸದ್ದುಗಳ ನಡುವೆ ಅದರ ಸುಳಿವು ತಿಳಿಯದು. ಮುಂಬಯಿಯ ಟಾಟಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್ಮಿನವರು ಕೂಡಿ ಹೀತ್‌ಕೋಟ್ ಶಾಫ್ಟಿನ ಬಳಿ 2.3 ಕಿಲೋಮೀಟರು ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದರು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹು 1965ರಲ್ಲಿ ಅಲ್ಲಿ ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅದು ದೊರೆತುದರಿಂದ ಕೀರ್ತಿ ಹಂಚಿಹೋಯಿತು. 1980ರಿಂದ ಪ್ರೋಟಾನಿನ ಕ್ಷಯವನ್ನರಸಿ 140 ಟನ್ನು ತೂಕದ ಕಬ್ಬಿಣದ ಯಂತ್ರವು ಅದೇ ಕತ್ತಲೆಯಲ್ಲಿ ಕಾವಲಿದ್ದಿತು.

ಆದರೆ ವಿಜ್ಞಾನವು ಅಲ್ಲಿ ಬಾಡಿಗೆದಾರನಂತಿತ್ತು. ಕೇಜು ಇಳಿಯುತ್ತಿದ್ದುದು, ಗಾಳಿ ಆಡುತ್ತಿದ್ದುದು, ಪಂಪುಗಳು ನೀರೆತ್ತುತ್ತಿದ್ದುದು ಎಲ್ಲವೂ ಚಿನ್ನದ ದೆಸೆಯಿಂದ. ಅದಿರು ಬಡವಾಗಿ ಖರ್ಚು ಆದಾಯವನ್ನು ಮೀರಿದ ಮೇಲೆ ಈ ಏರ್ಪಾಡು ಉಳಿಯುವಂತಿರಲಿಲ್ಲ. 1990ರ ದಶಕದ ಆದಿಯಲ್ಲಿ ಪ್ರಯೋಗಗಳು ನಿಂತುವು. 2001ರಲ್ಲಿ ಗಣಿಗಳೇ ಮುಚ್ಚಿಹೋದುವು. ಪಂಪುಗಳು ನಿಂತ ಬಳಿಕ ನೀರು ಏರತೊಡಗಿತು. ನೆಲದ ಮೇಲಣ ಮನೆ ಹತ್ತು ವರ್ಷ ಬೀಗ ಹಾಕಿದ್ದರೂ ಮನೆಯಾಗಿಯೇ ಇರುತ್ತದೆ. ಗಣಿಯ ಮಾತು ಹಾಗಲ್ಲ.

ಹೋಲಿಕೆಗೆ ಅಮೆರಿಕದ ದಕ್ಷಿಣ ಡಕೋಟದಲ್ಲಿರುವ ಹೋಮ್‌ಸ್ಟೇಕ್ ಗಣಿಯ ಕತೆ ತಕ್ಕುದಾಗಿದೆ. ಅದೂ ಚಿನ್ನದ ಗಣಿ. 1960ರ ದಶಕದಿಂದ ರೇ ಡೇವಿಸ್ ಅವರು ಸೂರ್ಯನ ನ್ಯೂಟ್ರಿನೊಗಳನ್ನು ಎಣಿಸಿದುದು ಅಲ್ಲಿಯೇ. 2002ರಲ್ಲಿ ಅದೂ ಮುಚ್ಚಿತು, 2003ರಲ್ಲಿ ಅಲ್ಲಿಯೂ ಪಂಪುಗಳು ನಿಂತುವು. ಭೇದವುಂಟಾದುದು ಆಮೇಲೆ. ಭೂಗರ್ಭ ಸಂಶೋಧನೆಗೆಂದೇ 2004ರಲ್ಲಿ ಆ ಸಂಸ್ಥಾನವು ಒಂದು ಅಧಿಕಾರಮಂಡಲಿಯನ್ನು ರಚಿಸಿತು. 2006ರಲ್ಲಿ ಒಡೆಯರು ಗಣಿಯನ್ನು ದಾನಮಾಡಿದರು. ಧನಿಕನೊಬ್ಬನು ಏಳು ಕೋಟಿ ಡಾಲರು ಕೊಡಲೊಪ್ಪಿದನು. 2008ರಲ್ಲಿ ನೀರೆತ್ತುವ ಕೆಲಸ ಮರಳಿ ಮೊದಲಾಗಿ, ಮರುವರ್ಷ 4,850 ಅಡಿಯ ಅಂತಸ್ತು ಒಣಗಿತು. ಅಲ್ಲಿ ಪ್ರಯೋಗಶಾಲೆಗಳು ನೆಲಸಿದುವು.

ಭಾರತದಲ್ಲಿಯಾದರೋ ಇದ್ದ ಆಳವು ಮುಳುಗಿದ ಮೇಲೆ ಹೊಸ ಆಳವನ್ನು ಹುಡುಕಬೇಕಾಯಿತು. ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟದೊಳಗೆ ಸುರಂಗ ಕೊರೆದು ನ್ಯೂಟ್ರಿನೊ ವೀಕ್ಷಣಾಲಯವನ್ನು ಕಟ್ಟಲು 2015ರ ಜನವರಿಯಲ್ಲಿ ಕೇಂದ್ರ ಸಂಪುಟವು ಸಮ್ಮತಿಸಿತು. ಬೆಟ್ಟದ ಜನರೂ ಪರಿಸರಪ್ರಿಯರೂ ವಿರೋಧಿಸಿದರು, ವ್ಯಾಜ್ಯ ನ್ಯಾಯಾಲಯವೇರಿತು. ಬೆಟ್ಟವನ್ನು ಹೊಸದಾಗಿ ಕೊರೆಯುವುದಕ್ಕೆ ಆ ಜನರು ಅಂಜಿದುದರಲ್ಲಿ ತಪ್ಪೆಣಿಸಲಾಗದು. ಜಾದೂಗುಡದ ಯುರೇನಿಯಂ ಗಣಿಯಲ್ಲಿ 2017ರಲ್ಲಿ ತೆರೆದ ಪ್ರಯೋಗಶಾಲೆಯ ಆಳ 555 ಮೀಟರು ಮಾತ್ರ, ಕೋಲಾರದ ಕಾಲುಭಾಗಕ್ಕೂ ತುಸು ಕಡಮೆ.

ಕೋಲಾರದಲ್ಲಿ ಈಗ ನಡೆದಿರುವ ಆಲೋಚನೆಗಳು ಬಹುಮಟ್ಟಿಗೆ ನೆಲದ ಮೇಲಣವು: ಕೈಗಾರಿಕೆಗೆ ಎಷ್ಟು ನೆಲ, ಕಾರ್ಮಿಕರ ಮನೆಗಳು ಯಾರವು, ಸಯನೈಡ್ ದಿಬ್ಬಗಳ ಗತಿ ಏನು. ಬಿರುಗಾಳಿಯ ದಿನಗಳಲ್ಲಿ ಆ ದಿಬ್ಬಗಳ ಧೂಳನ್ನು ಉಸಿರಾಡುವ ಊರಿಗೆ ಇವು ಸಣ್ಣ ಪ್ರಶ್ನೆಗಳಲ್ಲ. ಸಾವಿರ ಎಕರೆಗೂ ಮಿಕ್ಕು ಹರಡಿರುವ 13 ದಿಬ್ಬಗಳಿಂದ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಸಲಹೆಗೆ 2024ರ ಜೂನಿನಲ್ಲಿ ರಾಜ್ಯ ಸಂಪುಟವು ಒಪ್ಪಿಗೆಯಿತ್ತಿತು. 1965ರಲ್ಲಿ ನ್ಯೂಟ್ರಿನೊ ಸಿಕ್ಕಿದ ಕೋಣೆಯ ಮೇಲೆ ಮಾತ್ರ ನೀರು ನಿಂತಿದೆ.